ಊಟದ ಹೊತ್ತು ಯಾರ ಕೈಯಲ್ಲಿ?

ಇವತ್ತಿನ ವಿಷಯ ಕ್ರೂಸ್ ಹಡಗಿನ ಊಟ. ಆದರೆ ಮಾತು ನಮ್ಮ ಅಡುಗೆಮನೆಯದೂ ಹೌದು.

ಹಡಗಿನ ಹಳೆಯ ಪದ್ಧತಿ ನಮ್ಮ ಪಂಕ್ತಿಯಂಥದ್ದೇ: ರಾತ್ರಿಯೂಟಕ್ಕೆ ಎರಡು ಸರದಿ, ದಿನವೂ ಅದೇ ಮೇಜು, ಅದೇ ಜೊತೆಗಾರರು, ಬಡಿಸುವವರೂ ಅವರೇ. 2000ರಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ‘ಫ್ರೀಸ್ಟೈಲ್’ ಎಂಬ ಹೆಸರಿನಲ್ಲಿ, ಬೇಕಾದ ಹೊತ್ತಿಗೆ ಉಣ್ಣುವ ಏರ್ಪಾಡು ತಂದಿತು. ಮೊದಲನೆಯದರಲ್ಲಿ ಒಡನಾಟ ಬೆಳೆಯುತ್ತದೆ. ಎರಡನೆಯದರಲ್ಲಿ ಸ್ವಾತಂತ್ರ್ಯವಿದೆ, ಕೆಲವೊಮ್ಮೆ ಮೇಜಿಗೆ ಕಾಯಬೇಕು.

ಫರೀದಾಬಾದಿನ ನಮ್ಮ ಮನೆಗಳು ಯಾರೂ ಕೇಳದೆಯೇ ‘ಫ್ರೀಸ್ಟೈಲ್’ ಆಗಿವೆ. ಕಾರ್ಖಾನೆಯ ಪಾಳಿ ಮುಗಿಸಿದವರು, ಟ್ಯೂಷನ್‌ನಿಂದ ಬರುವ ಮಕ್ಕಳು, ದೆಹಲಿಯಿಂದ ಮೆಟ್ರೋದಲ್ಲಿ ಬರುವವರು, ಒಬ್ಬೊಬ್ಬರದೂ ಒಂದೊಂದು ಹೊತ್ತು. ಸಾರು ನಾಲ್ಕು ಸಲ ಬಿಸಿಯಾಗುತ್ತದೆ. ಹಡಗಿನಲ್ಲಿ ಬಡಿಸುವವರಿಗೆ ಸಂಬಳವಿದೆ. ನಮಗೆ? ಉಳಿದವರ ಹೊತ್ತು ಸಡಿಲವಾದಷ್ಟೂ ನಮ್ಮ ಕೆಲಸ ಮುಗಿಯುವುದು ತಡ.

ನನ್ನ ಸಲಹೆ ಇಷ್ಟೇ. ತಡವಾಗಿ ಬಂದವರು ತಾವೇ ಬಿಸಿ ಮಾಡಿ ಬಡಿಸಿಕೊಳ್ಳಲಿ, ತಟ್ಟೆಯನ್ನೂ ತೊಳೆದಿಡಲಿ. ಭಾನುವಾರ ಎಲ್ಲರೂ ಒಟ್ಟಿಗೆ ಕೂರೋಣ. ರಾಜ್ಯೋತ್ಸವದ ಊಟದಲ್ಲೂ ಬಡಿಸುವ ಹೆಂಗಸರೇ ಕೊನೆಯ ಪಂಕ್ತಿಗೆ ಉಳಿಯುವುದು ಬೇಡ. ಮೊದಲ ಪಂಕ್ತಿಯಲ್ಲಿ ಉಂಡು ಎದ್ದವರು, ಗಂಡಸರೂ ಸೇರಿ, ಮುಂದಿನ ಪಂಕ್ತಿಗೆ ಬಡಿಸಲಿ.