ಪ್ರೋಟೀನಿಗೆ ಕಟ್ಟಿದ ಎಳೆ



ಆದವಾನಿಯ ಹತ್ತಿ ಪೇಟೆಯನ್ನು ಕಾಣದವರು ಈ ಸಭೆಯಲ್ಲಿ ಇರಲಾರರು. ಅರಳೆಗೆ ಬೆಲೆ ಕಟ್ಟುವ ವರ್ತಕನು ಎಳೆಯನ್ನು ಬೆರಳುಗಳ ನಡುವೆ ಎಳೆದು ಉದ್ದವನ್ನು ನೋಡುತ್ತಾನೆ. ಆ ಎಳೆಯಾದರೋ ಸಕ್ಕರೆಯ ಸಣ್ಣ ಘಟಕಗಳು ಸಾವಿರಗಟ್ಟಲೆ ಕೂಡಿಕೊಂಡ ಸರಪಳಿಗಳಿಂದಾದುದು. ಇಂಥ ಸರಪಳಿಗೆ ಪಾಲಿಮರ್ ಎಂದು ಹೆಸರು. ಮನುಷ್ಯನೇ ಮಾಡಿದ ಪಾಲಿಮರ್ ಎಳೆಯನ್ನು ಔಷಧವಾಗುವ ಪ್ರೋಟೀನಿಗೆ ಕಟ್ಟುವ ವಿದ್ಯೆಯನ್ನು ಕುರಿತು ನಾಲ್ಕು ಮಾತು ಹೇಳುವೆನು.

ಏಕೆ ಕಟ್ಟಬೇಕು? ಕ್ಯಾನ್ಸರಿನ ಔಷಧಿಗಳಿಂದ ರೋಗಿಯ ಬಿಳಿಯ ರಕ್ತಕಣಗಳು ಕುಂದುವುವು; ಆಗ ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ಆ ಕಣಗಳನ್ನು ಹೆಚ್ಚಿಸಲು ಫಿಲ್‌ಗ್ರಾಸ್ಟಿಮ್ ಎಂಬ ಪ್ರೋಟೀನನ್ನು ಕೊಡುವರು. ಅದು ಚಿಕ್ಕದಾದುದರಿಂದ ಮೂತ್ರಪಿಂಡಗಳ ಮೂಲಕ ಬೇಗನೆ ಜಾರಿಹೋಗುತ್ತದೆ; ದಿನದಿನವೂ ಚುಚ್ಚುಮದ್ದು ಬೇಕು. ಉರುಕುಂದದ ಕೂಲಿಯ ಕುಟುಂಬವೊಂದು ದಿನವೂ ದುಡಿಮೆ ಬಿಟ್ಟು ಪಟ್ಟಣದ ಬಸ್ಸು ಹಿಡಿಯುವುದೆಂದರೆ ಏನೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಅದೇ ಪ್ರೋಟೀನಿನ ಒಂದು ತುದಿಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಎಳೆಯನ್ನು ಕಟ್ಟಿದರೆ, ಅದು ಸುತ್ತಲೂ ನೀರನ್ನು ಹಿಡಿದು ಉಬ್ಬುತ್ತದೆ. ಮೂತ್ರಪಿಂಡದ ಜರಡಿಯಲ್ಲಿ ಸುಲಭವಾಗಿ ಇಳಿಯದು. ಚಿಕಿತ್ಸೆಯ ಒಂದು ಸುತ್ತಿಗೆ ಒಂದೇ ಚುಚ್ಚುಮದ್ದು ಸಾಕು. ಇನ್ನೊಂದು ಸೊಗಸು ನೋಡಿರಿ: ಹೊಸದಾಗಿ ಹುಟ್ಟಿದ ಬಿಳಿಯ ಕಣಗಳೇ ಉಳಿದ ಔಷಧವನ್ನು ಹೀರಿ ಮುಗಿಸುವುವು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಮೈಲಾನ್ ಕಂಪನಿಯೊಡನೆ ಸಿದ್ಧಪಡಿಸಿದ ಇಂಥ ಔಷಧಕ್ಕೆ 2018ರ ಜೂನಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಒಪ್ಪಿಗೆ ದೊರೆಯಿತು.

ಅದರಲ್ಲಿ ಎಳೆಯನ್ನು ಮೊದಲೇ ಮಾಡಿ ಆಮೇಲೆ ಅಂಟಿಸುವರು. ಎಳೆಯನ್ನು ಪ್ರೋಟೀನಿನ ಮೇಲೆಯೇ ಬೆಳೆಸುವ ಮಾರ್ಗವೂ ಉಂಟು. ತೊಂದರೆಯೆಂದರೆ, ಪಾಲಿಮರ್ ಬೆಳೆಯುವಾಗ ಸಾಮಾನ್ಯವಾಗಿ ಒಂದೆಳೆ ಉದ್ದ, ಒಂದೆಳೆ ಗಿಡ್ಡ. ಔಷಧಕ್ಕೆ ಅದು ಸಲ್ಲದು. 1995ರಲ್ಲಿ ಅಮೆರಿಕದ ಮಾಟಿಯಾಶೆವ್ಸ್ಕಿಯವರೂ ಜಪಾನಿನ ಸವಾಮೊಟೊ ಅವರೂ ಬೇರೆಬೇರೆಯಾಗಿ ಉಪಾಯ ಕಂಡರು. ಮಾಟಿಯಾಶೆವ್ಸ್ಕಿಯವರ ವಿಧಾನದಲ್ಲಿ ಎಳೆಯ ತುದಿಗೆ ಕ್ಲೋರಿನ್ ಅಥವಾ ಬ್ರೋಮಿನ್ ಪರಮಾಣುವು ಮುಚ್ಚಳದಂತೆ ಕೂತಿರುತ್ತದೆ. ತಾಮ್ರದ ಸಂಯುಕ್ತವು ಮುಚ್ಚಳವನ್ನು ತೆಗೆಯುವುದು. ಕೆಲವು ಕೊಂಡಿಗಳು ಸೇರುವುವು. ಮತ್ತೆ ಮುಚ್ಚಳ ಬೀಳುವುದು. ಪಂಕ್ತಿಯಲ್ಲಿ ಎಲ್ಲರಿಗೂ ಸ್ವಲ್ಪಸ್ವಲ್ಪ ಬಡಿಸಿ ಮತ್ತೆ ಮೊದಲ ಎಲೆಗೆ ಬರುವಂತೆ ಇದು ನಡೆಯುವುದರಿಂದ ಎಳೆಗಳೆಲ್ಲ ಹೆಚ್ಚುಕಡಿಮೆ ಸಮವಾಗಿ ಬೆಳೆಯುತ್ತವೆ. ಆ ಮುಚ್ಚಳವುಳ್ಳ ಮೊಳಕೆಯನ್ನು ಪ್ರೋಟೀನಿಗೆ ನೆಟ್ಟರಾಯಿತು. ಆದರೆ ಕಾಯಿಸುವಂತಿಲ್ಲ, ಮೊಟ್ಟೆಯ ಬಿಳಿ ಕಾಯಿಸಿದರೆ ಏನಾಗುವುದೆಂದು ತಾಯಂದಿರು ಬಲ್ಲರು. ಎಲ್ಲವೂ ತಣ್ಣನೆಯ ಇಲ್ಲವೆ ಉಗುರುಬೆಚ್ಚಗಿನ ನೀರಿನಲ್ಲಿಯೇ ಆಗಬೇಕು.

ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗಿಯೊಬ್ಬಳು, "ಸಾರ್, ಆ ತಾಮ್ರ ಔಷಧದಲ್ಲೇ ಉಳಿಯುವುದಿಲ್ಲವೇ?" ಎಂದು ಕೇಳಿದಳು. ಉಳಿಯುತ್ತದೆ, ತೊಳೆದು ತೆಗೆಯಬೇಕು ಎಂದೆನು. "ಹೇಗೆ?" ಎಂದಳು. ಮರುದಿನ ಹೇಳುವೆನೆಂದು ಮನೆಗೆ ಹೋಗಿ, ರಾತ್ರಿ ಬಹಳ ಹೊತ್ತು ಪುಸ್ತಕ ತಿರುವಿದೆನು.