ಓಟದ ವೇಗ, ಮೆದುಳಿನ ಲಯ
(ಶತಮಾನೋತ್ಸವ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ತುಂಬಿದ ಶಾಲೆಯ ಸಭೆಯಲ್ಲಿ ಹಿಂದಿನದನ್ನು ನೆನೆಯುವುದು ವಾಡಿಕೆ. ನಾವಾದರೋ ಮೆದುಳಿನ ವಿಚಾರವೊಂದನ್ನು ಎತ್ತಿಕೊಂಡಿದ್ದೇವೆ. ಕಾರಣವಿದೆ. ರಾಯದುರ್ಗ, ಮಡಕಶಿರಾ ಭಾಗದ ಪೋಷಕರು ಮಗುವನ್ನು ಸೇರಿಸಲು ಬಂದಾಗ ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: "ಕನ್ನಡದಲ್ಲಿ ಓದಿದರೆ ವಿಜ್ಞಾನ ತಲೆಗೆ ಹತ್ತುತ್ತದೆಯೇ, ಮೇಡಂ?" ಇದಕ್ಕೆ ಭರವಸೆ ಕೊಡುವುದಕ್ಕಿಂತ ಮಾಡಿ ತೋರಿಸುವುದು ಲೇಸು.

ರಾತ್ರಿ ಕರೆಂಟು ಹೋದಾಗಲೂ ಮಕ್ಕಳು ಓಣಿಯಲ್ಲಿ ಓಡಿ ಮನೆ ಸೇರುತ್ತಾರೆ. ದಾರಿ ಕಾಣದಿದ್ದರೂ ಎಷ್ಟು ದೂರ ಬಂದೆವೆಂಬ ಅಂದಾಜು ಎಲ್ಲಿಂದ ಬರುತ್ತದೆ? ವೇಗವನ್ನು ಕಾಲದಿಂದ ಗುಣಿಸಿದರೆ ದೂರ ಎಂಬುದನ್ನು ನಮ್ಮ ಹೈಸ್ಕೂಲು ಮಕ್ಕಳು ಬಲ್ಲರು. ಮೆದುಳಿಗೂ ವೇಗದ ಲೆಕ್ಕ ಬೇಕು.

1971ರಲ್ಲಿ ಜಾನ್ ಓಕೀಫ್ ಅವರು ಇಲಿಯ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಸ್ಥಳವನ್ನು ಗುರುತಿಸುವ ಕೋಶಗಳನ್ನು ಕಂಡರು. ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡವು 2005ರಲ್ಲಿ ಅದರ ನೆರೆಯ ಎಂಟೊರೈನಲ್ ಭಾಗದಲ್ಲಿ, ನೆಲವನ್ನು ಬಲೆಯಂತೆ ಅಳೆಯುವ ಕೋಶಗಳನ್ನು ಕಂಡಿತು. 2014ರ ನೊಬೆಲ್ ಪ್ರಶಸ್ತಿ ಈ ಮೂವರಿಗೆ ಸಂದಿತು.

2015ರಲ್ಲಿ ಮೋಸರ್ ತಂಡವು ವೇಗಕೋಶಗಳ ಇರವನ್ನು ಪ್ರಕಟಿಸಿತು. ತಳವಿಲ್ಲದ ಪುಟ್ಟ ಬಂಡಿಯೊಳಗೆ ಇಲಿಯನ್ನು ಬಿಟ್ಟರು. ಬಂಡಿಯ ವೇಗವನ್ನು ಯಂತ್ರ ನಿರ್ಧರಿಸುತ್ತಿತ್ತು, ಇಲಿ ಅದೇ ವೇಗದಲ್ಲಿ ತನ್ನ ಕಾಲಿನಿಂದ ನಡೆಯಬೇಕಿತ್ತು. ವೇಗ ಏರಿದಷ್ಟೂ ಈ ಕೋಶಗಳ ವಿದ್ಯುತ್ ಮಿಡಿತ ಏರಿತು. ಕತ್ತಲಲ್ಲಿಯೂ ಅವು ವೇಗವನ್ನು ತಪ್ಪದೆ ಸೂಚಿಸಿದವು.

ಇದರ ಜೊತೆಗೆ ಒಂದು ಲಯವೂ ಉಂಟು. ಇಲಿ ಓಡುವಾಗ ಅಲ್ಲಿನ ಅಸಂಖ್ಯ ಕೋಶಗಳು ಕೋಲಾಟದವರಂತೆ ಒಂದೇ ತಾಳಕ್ಕೆ, ಸೆಕೆಂಡಿಗೆ ಸುಮಾರು 8 ಬಾರಿ, ಏರಿಳಿಯುತ್ತವೆ. ಇದೇ ಥೀಟಾ ಅಲೆ. ಓಟ ಚುರುಕಾದರೆ ಈ ತಾಳವೂ ತುಸು ಚುರುಕಾಗುತ್ತದೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹಾಗೆಯೇ ಒಪ್ಪುತ್ತದೆಂದು ನಾವು ಹೇಳುವುದಿಲ್ಲ. ಆದರೆ ಆಲ್ಝೈಮರ್ ಕಾಯಿಲೆ ಮೊದಮೊದಲು ಹಾಳುಗೆಡಹುವ ಭಾಗಗಳಲ್ಲಿ ಎಂಟೊರೈನಲ್ ಭಾಗವೂ ಒಂದು. ಹುಟ್ಟಿದೂರಿನ ಬೀದಿಯಲ್ಲೇ ಮನೆಯ ದಾರಿ ತಪ್ಪುವ ಹಿರಿಯರನ್ನು ಕಂಡವರಿಗೆ ಈ ಸಂಶೋಧನೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ನಮಗೆ ದೂರವಲ್ಲದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಹಿಪೊಕ್ಯಾಂಪಸ್ ಕುರಿತ ಅಧ್ಯಯನ ನಡೆದಿದೆ.

ಪೋಷಕರೇ, ಇಷ್ಟನ್ನೂ ತಾವು ಕನ್ನಡದಲ್ಲಿಯೇ ಕೇಳಿದಿರಿ. ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ನಾವು ಮಕ್ಕಳಿಗೆ ಖಂಡಿತ ಕಲಿಸುತ್ತೇವೆ. ಮುಂದಿನ ಓದಿಗೆ ಅವು ಬೇಕು. ಆದರೆ ಅರ್ಥ ಮೊದಲು ಮನೆಯ ಮಾತಿನಲ್ಲಿ ಬೇರೂರಲಿ. ವೈದ್ಯರೂ ಎಂಜಿನಿಯರರೂ ಆಗಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆ ಒಂದೇ: ವರ್ಷಕ್ಕೊಂದು ದಿನ ಬಂದು, ತಮ್ಮ ಕೆಲಸವನ್ನು ಈ ಮಕ್ಕಳಿಗೆ ಕನ್ನಡದಲ್ಲಿ ವಿವರಿಸಿ.