ಬಾತುಕೋಳಿಯ ಹೊಟ್ಟೆಯೊಳಗೆ ರೋಗ ಹರಡುವ ಬಗೆ
(ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ಮಾಡಿದ ಭಾಷಣ)



ಸಂಘದಿಂದ ಸಾಲ ತೆಗೆದು ಬಾತುಕೋಳಿ ಸಾಕುವವರು ನಿಮ್ಮಲ್ಲಿ ಕೆಲವರಿದ್ದೀರಿ. ಕೋಳಿಗಿಂತ ಬಾತು ಗಟ್ಟಿ, ಅದಕ್ಕೆ ರೋಗ ಕಡಿಮೆ ಅಂತ ನಾವೆಲ್ಲ ಹೇಳ್ತೇವೆ. ಬಹಳ ಮಟ್ಟಿಗೆ ನಿಜವೇ. ಆದರೆ ಡಕ್ ಪ್ಲೇಗ್ ಹೊಕ್ಕರೆ ಕೆಲವೇ ದಿನಗಳಲ್ಲಿ ಗೂಡು ಖಾಲಿಯಾಗಬಹುದು. ಸಾಲದ ಕಂತು ಉಳಿಯುತ್ತದೆ.

ಇದು ಹರ್ಪಿಸ್ ಜಾತಿಯ ವೈರಸ್ಸಿನ ರೋಗ. 1923ರಲ್ಲಿ ಹಾಲೆಂಡಿನಲ್ಲಿ ಮೊದಲು ಕಂಡಿತು. ನಮ್ಮ ದೇಶದಲ್ಲಿ 1960ರ ದಶಕದಲ್ಲಿ, ಪಶ್ಚಿಮ ಬಂಗಾಳದಲ್ಲಿ. ಬಾತು, ಹೆಬ್ಬಾತು, ಹಂಸಗಳಿಗೆ ಬರುತ್ತದೆ. ಕೋಳಿಗೂ ಮನುಷ್ಯರಿಗೂ ತಗಲುವುದಿಲ್ಲ.

ರೋಗದ ಬಾತು ಕೆರೆಯಲ್ಲಿ ಹಿಕ್ಕೆ ಹಾಕುತ್ತದೆ. ಅದೇ ನೀರನ್ನು ನಿಮ್ಮ ಬಾತು ಕುಡಿಯುತ್ತದೆ. ವೈರಸ್ಸು ಮೊದಲು ಅನ್ನನಾಳ, ಕರುಳುಗಳ ಒಳಪದರದಲ್ಲಿ ಬೆಳೆಯುತ್ತದೆ. ಅಲ್ಲಿಂದ ರಕ್ತ ಸೇರಿ ಲಿವರ್, ಗುಲ್ಮ ಮುಂತಾದ ಕಡೆ ಹೋಗುತ್ತದೆ. ಈ ಗುಲ್ಮ ಇದೆಯಲ್ಲ, ಅದು ರೋಗದ ವಿರುದ್ಧ ಹೋರಾಡುವ ಅಂಗ. ಕಾವಲುಗಾರನಿಗೇ ಪೆಟ್ಟು ಬಿದ್ದ ಹಾಗೆ! ಸಣ್ಣ ರಕ್ತನಾಳಗಳು ಒಡೆಯುತ್ತವೆ. ಹೃದಯದ ಮೇಲೆ, ಲಿವರಿನ ಮೇಲೆ ಕೆಂಪು ಚುಕ್ಕೆ, ಕರುಳಿನಲ್ಲಿ ಬಳೆ ತೊಡಿಸಿದಂತೆ ಕೆಂಪು ಪಟ್ಟಿ. ಅನ್ನನಾಳದಲ್ಲೂ ಗುದದ್ವಾರದ ಒಳಗೂ ಹಳದಿ ಹಕ್ಕಳೆ ಕಟ್ಟುತ್ತದೆ.

ಇಷ್ಟಾಗುವಾಗ ಹೊರಗೆ ನಮಗೆ ಏನೂ ಗೊತ್ತಾಗುವುದಿಲ್ಲ. ಲಕ್ಷಣ ಕಾಣಲು 3ರಿಂದ 7 ದಿನ ಬೇಕು. ಆಮೇಲೆ ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುತ್ತದೆ, ಬಾಯಾರಿಕೆ ಹೆಚ್ಚು, ರೆಕ್ಕೆ ಜೋತು ಬೀಳುತ್ತದೆ, ಹಸಿರು ನೀರಿನಂತೆ ಭೇದಿ. ಮೊಟ್ಟೆ ಇಳಿಯುತ್ತದೆ. ಹೆಚ್ಚಿನವು 5 ದಿನದೊಳಗೆ ಸಾಯುತ್ತವೆ. ಔಷಧಿ ಇಲ್ಲ.

ಒಬ್ಬ ಅಕ್ಕ ಕೇಳಿದರು, “ಉಳಿದ ನಾಲ್ಕನ್ನು ಸಂತೆಗೆ ಕೊಂಡೋಗಬಹುದಾ?” ಬೇಡ ಅಕ್ಕಾ. ಗುಣವಾದ ಬಾತಿನ ಒಳಗೆ ವೈರಸ್ಸು ವರ್ಷಗಟ್ಟಲೆ ಅಡಗಿ ಕೂತು, ಆಗಾಗ ಹೊರಗೆ ಬರುತ್ತದೆ. ನೋಡಲು ದುಂಡಗೇ ಇರುತ್ತದೆ. ಅದನ್ನು ಕೊಂಡವರ ಮನೆಯ ಕಥೆ ಏನು? ಅವರೂ ಯಾವುದೋ ಸಂಘದ ಸಾಲಗಾರರೇ ಇರಬಹುದು. ಹಾಗೆಯೇ ನೀವು ತಂದ ಹೊಸ ಬಾತನ್ನು ಎರಡು ಮೂರು ವಾರ ಬೇರೆ ಗೂಡಿನಲ್ಲಿ, ಬೇರೆ ನೀರಿನಲ್ಲಿ ಇಡಿ.

ಸತ್ತದ್ದನ್ನು ಮನೆಯಲ್ಲಿ ಕೊಯ್ದು ನೋಡಬೇಡಿ, ತಿನ್ನಬೇಡಿ. 2014ರ ನವೆಂಬರಿನಲ್ಲಿ ಕೇರಳದ ಕುಟ್ಟನಾಡಿನಲ್ಲಿ ಬಾತುಗಳು ಸಾವಿರಗಟ್ಟಲೆ ಸತ್ತಾಗ ಅದು ಹಕ್ಕಿಜ್ವರವಾಗಿತ್ತು. ಅದು ಮನುಷ್ಯರಿಗೂ ಬರಬಲ್ಲದು. ಯಾವ ರೋಗ ಅಂತ ಹೊರಗಿನಿಂದ ಹೇಳಲಾಗದು. ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ಅವರು ಹೇಳಿದ ಮೇಲೆ ಸುಣ್ಣ ಹಾಕಿ ಆಳಕ್ಕೆ ಹೂಳಿ.

ಡಕ್ ಪ್ಲೇಗಿಗೆ ಲಸಿಕೆ ಇದೆ. ಸಾಮಾನ್ಯವಾಗಿ 8 ವಾರದ ಮರಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಒಂದು ಶೀಶೆ ಹಲವು ಬಾತುಗಳಿಗೆ ಸಾಕು, ಆದರೆ ಕಲಸಿದ ಮೇಲೆ ಬೇಗನೆ ಮುಗಿಸಬೇಕು. ಹತ್ತು ಬಾತು ಇರುವವರು ಒಬ್ಬರೇ ಹೋದರೆ ಉಳಿದದ್ದು ಚೆಲ್ಲಿ ಹೋಗುತ್ತದೆ. ಮುಂದಿನ ವಾರದ ಸಭೆಯಲ್ಲಿ ಯಾರ ಮನೆಯಲ್ಲಿ ಎಷ್ಟು ಬಾತು ಅಂತ ಪುಸ್ತಕದಲ್ಲಿ ಬರೆದುಕೊಳ್ಳಿ, ಪಶು ಆಸ್ಪತ್ರೆಯಲ್ಲಿ ಮಾತಾಡಿ ಒಂದೇ ದಿನ ಎಲ್ಲರೂ ಹಾಕಿಸಿ. ಲಸಿಕೆ ತರಲು ಐಸ್ ಹಾಕಿದ ಫ್ಲಾಸ್ಕ್ ಒಯ್ಯಲು ಮರೆಯಬೇಡಿ.